ಕೈಗಾ ರಿಯಾಕ್ಟರ್‌ಗಳ ಇಂಧನ ವ್ಯವಸ್ಥೆ

ಉತ್ತರ ಕನ್ನಡ ಜಿಲ್ಲೆಯ ಕೈಗಾ ಪರಮಾಣು ವಿದ್ಯುತ್ ಸ್ಥಾವರಕ್ಕೆ ಬೇಕಾದ ಯುರೇನಿಯಂ ಇಂಧನವನ್ನು ಅದಿರಿನಿಂದ ಹಿಡಿದು ಬಂಡಲ್ ಆಗುವವರೆಗೆ ತಯಾರಿಸುವ, ರಿಯಾಕ್ಟರ್ ನಡೆಯುತ್ತಿರುವಾಗಲೇ ಅದನ್ನು ಯಂತ್ರಗಳಿಂದ ತುಂಬುವ, ಉರಿದುಹೋದದ್ದನ್ನು ಹೊರತೆಗೆದು ಕಾಪಿಡುವ ಏರ್ಪಾಡು. ಕಾರವಾರ ತಾಲ್ಲೂಕಿನಲ್ಲಿ ಕಾಳಿ ನದಿಯ ದಂಡೆಯ ಮೇಲಿರುವ ಈ ಸ್ಥಾವರದಲ್ಲಿ ತಲಾ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ಘಟಕಗಳಿವೆ. ಒಟ್ಟು ಸಾಮರ್ಥ್ಯ 880 ಮೆಗಾವಾಟ್. ನಾಲ್ಕೂ ಭಾರಜಲ ಬಳಸುವ ರಿಯಾಕ್ಟರ್‌ಗಳು. ಎರಡನೆಯ ಮತ್ತು ಒಂದನೆಯ ಘಟಕಗಳು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಕೈಗಾದ ಹೆಸರು ಜಗತ್ತಿಗೆ ಗೊತ್ತಾದದ್ದು ಬಿಡುವಿಲ್ಲದ ಓಟದಿಂದ. ಆ ಓಟಕ್ಕೆ ಮೂಲ ಕಾರಣ ಇಂಧನ ತುಂಬುವ ವಿಧಾನ.

ಇಂಧನದ ಸ್ವರೂಪ

ನಿಸರ್ಗದಲ್ಲಿ ಸಿಗುವ ಯುರೇನಿಯಂನಲ್ಲಿ ಸುಲಭವಾಗಿ ವಿದಳನಗೊಳ್ಳುವ ಯುರೇನಿಯಂ-235ರ ಪಾಲು ಶೇ. 0.7 ಮಾತ್ರ. ಸಾಮಾನ್ಯ ನೀರನ್ನು ಬಳಸುವ ಕೂಡಂಕುಳಂನಂಥ ರಿಯಾಕ್ಟರ್‌ಗಳಿಗೆ ಈ ಪಾಲನ್ನು ಹೆಚ್ಚಿಸಿದ, ಎಂದರೆ ಸಂವರ್ಧಿತ ಯುರೇನಿಯಂ ಬೇಕು. ಭಾರಜಲವು ನ್ಯೂಟ್ರಾನ್‌ಗಳ ವೇಗವನ್ನು ತಗ್ಗಿಸುತ್ತದೆ, ಆದರೆ ಅವುಗಳನ್ನು ಹೀರಿಕೊಳ್ಳುವುದು ತೀರ ಕಡಿಮೆ. ಆದ್ದರಿಂದ ಕೈಗಾದಲ್ಲಿ ನೈಸರ್ಗಿಕ ಯುರೇನಿಯಂ ಇದ್ದ ಹಾಗೆಯೇ ಉರಿಯುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಸತ್ವ ಕಡಿಮೆಯಿರುವ ಇಂಧನ ಬೇಗ ತೀರುತ್ತದೆ. ಹೊಸದನ್ನು ಮೇಲಿಂದ ಮೇಲೆ ಒದಗಿಸುತ್ತಲೇ ಇರಬೇಕಾಗುತ್ತದೆ.

ಇಂಧನದ ಘಟಕಕ್ಕೆ ಬಂಡಲ್ ಎಂದು ಹೆಸರು. ಸುಮಾರು ಅರ್ಧ ಮೀಟರ್ ಉದ್ದದ, ಜಿರ್ಕಲಾಯ್ ಎಂಬ ಮಿಶ್ರಲೋಹದ 19 ಕೊಳವೆಗಳನ್ನು ಜೊತೆಗೂಡಿಸಿ, ಎರಡೂ ತುದಿಗೆ ಫಲಕ ಬೆಸೆದರೆ ಒಂದು ಬಂಡಲ್. ಪ್ರತಿ ಕೊಳವೆಯೊಳಗೆ ಯುರೇನಿಯಂ ಡೈಆಕ್ಸೈಡ್‌ನ ಪೆಲೆಟ್‌ಗಳು ಸಾಲಾಗಿ ಕೂತಿರುತ್ತವೆ. ಪೆಲೆಟ್ ಒಂದರ ಅಡ್ಡಳತೆ ಒಂದೂವರೆ ಸೆಂಟಿಮೀಟರಿಗೂ ತುಸು ಕಡಿಮೆ. ಒಂದು ಬಂಡಲ್‌ನಲ್ಲಿ ಸುಮಾರು 15 ಕಿಲೋಗ್ರಾಂ ಯುರೇನಿಯಂ ಡೈಆಕ್ಸೈಡ್ ಇರುತ್ತದೆ. ಪೂರ್ತಿ ಉರಿದು ಹೊರಬರುವಷ್ಟರಲ್ಲಿ ಅದು ಆರೇಳು ಲಕ್ಷ ಯೂನಿಟ್ ವಿದ್ಯುತ್ತಿಗೆ ಬೇಕಾದ ಶಾಖ ಕೊಟ್ಟಿರುತ್ತದೆ.

ತಯಾರಿಕೆ

ಕೈಗಾದಲ್ಲಿ ಇಂಧನ ತಯಾರಾಗುವುದಿಲ್ಲ. 1971ರಲ್ಲಿ ಸ್ಥಾಪನೆಯಾದ ಹೈದರಾಬಾದಿನ ನ್ಯೂಕ್ಲಿಯರ್ ಫ್ಯುಯೆಲ್ ಕಾಂಪ್ಲೆಕ್ಸ್‌ನಿಂದ ಸಿದ್ಧ ಬಂಡಲ್‌ಗಳು ಬರುತ್ತವೆ. ಅವುಗಳಿಗೆ ಬೇಕಾದ ಯುರೇನಿಯಂಗಾಗಿ ಜಾರ್ಖಂಡಿನ ಜಾದುಗುಡದಲ್ಲಿ ಅದಿರನ್ನು ಅರೆದು, ಆಮ್ಲದಲ್ಲಿ ಕರಗಿಸಿ, 'ಯಲ್ಲೋ ಕೇಕ್' ಎಂಬ ಹಳದಿ ಪುಡಿಯಾಗಿ ಪಡೆಯುತ್ತಾರೆ. ಆಂಧ್ರದ ತುಮ್ಮಲಪಲ್ಲಿಯ ಅದಿರು ಸುಣ್ಣಕಲ್ಲಿನ ಜಾತಿಯದಾದ್ದರಿಂದ ಅಲ್ಲಿ ಆಮ್ಲದ ಬದಲು ಕ್ಷಾರ ಬಳಸುತ್ತಾರೆ. ಕರ್ನಾಟಕದ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿಯೂ ಯುರೇನಿಯಂ ನಿಕ್ಷೇಪ ಪತ್ತೆಯಾಗಿದೆ.

ಹೈದರಾಬಾದಿನಲ್ಲಿ ಯಲ್ಲೋ ಕೇಕ್ ಪುಡಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ದ್ರಾವಕಗಳ ನೆರವಿನಿಂದ ಕಲ್ಮಶ ತೆಗೆಯುತ್ತಾರೆ. ಬೋರಾನ್, ಕ್ಯಾಡ್ಮಿಯಂನಂಥ ಮೂಲವಸ್ತುಗಳು ಲೇಶಮಾತ್ರ ಉಳಿದರೂ ನ್ಯೂಟ್ರಾನ್‌ಗಳನ್ನು ಹೀರಿಬಿಡುತ್ತವೆ. ಶುದ್ಧ ದ್ರಾವಣಕ್ಕೆ ಅಮೋನಿಯ ಸೇರಿಸಿದಾಗ ಯುರೇನಿಯಂ ತಳದಲ್ಲಿ ಕೂರುತ್ತದೆ. ಅದನ್ನು ಸುಟ್ಟು, ಹೈಡ್ರೋಜನ್ ಹಾಯಿಸಿದರೆ ಯುರೇನಿಯಂ ಡೈಆಕ್ಸೈಡ್ ಪುಡಿ ಸಿಗುತ್ತದೆ. ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಸುಮಾರು 1700 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಯಲ್ಲಿ ಬೇಯಿಸಿ, ಅಳತೆಗೆ ಸರಿಯಾಗಿ ಉಜ್ಜಿ, ಕೊಳವೆಗೆ ತುಂಬಿ, ತುದಿ ಬೆಸೆಯುತ್ತಾರೆ. ಬೆಸುಗೆಯಲ್ಲಿ ಸೋರಿಕೆ ಇಲ್ಲವೆಂದು ಖಾತರಿಯಾದ ಮೇಲೆಯೇ ಬಂಡಲ್ ಹೊರಬೀಳುತ್ತದೆ.

ಆಟದ ರಿಯಾಕ್ಟರ್ ಮತ್ತು ಕೈಗಾ

ಇಂಥ ಇಂಧನ ಸರಪಣಿಯ ಪರಿಚಯ ಇಂದಿನ ಕೆಲವು ಮಕ್ಕಳಿಗೆ ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟಕ್ಕೆ ಸೇರಿಸಿಕೊಳ್ಳುವ 'ಮೆಕ್ಯಾನಿಸಂ' ಎಂಬ ಮಾಡ್‌ನಿಂದಲೂ ಆಗಬಹುದು. ಅಲ್ಲಿ ಯುರೇನಿಯಂನಿಂದ ಯಲ್ಲೋ ಕೇಕ್ ಮಾಡಿ, ಅದನ್ನು ಯುರೇನಿಯಂ ಆಕ್ಸೈಡ್ ಆಗಿಸಬೇಕು. ಇನ್ನೊಂದು ಕಡೆ ಫ್ಲೋರೈಟ್ ಮತ್ತು ಸಲ್ಫ್ಯೂರಿಕ್ ಆಮ್ಲದಿಂದ ಹೈಡ್ರೋಫ್ಲೋರಿಕ್ ಆಮ್ಲ ತೆಗೆಯಬೇಕು. ಎರಡನ್ನೂ ಬೆರೆಸಿದಾಗ ಬರುವ ಯುರೇನಿಯಂ ಹೆಕ್ಸಾಫ್ಲೋರೈಡ್ ಅನಿಲವನ್ನು ಸೆಂಟ್ರಿಫ್ಯೂಜ್‌ಗೆ ಕಳುಹಿಸಿದರೆ ರಿಯಾಕ್ಟರ್‌ಗೆ ಇಂಧನ. ಯಂತ್ರದಿಂದ ಯಂತ್ರಕ್ಕೆ ಪೈಪು ಜೋಡಿಸಿ, ಯಾರೂ ಮುಟ್ಟದೆ ಇಡೀ ಸರಪಣಿ ನಡೆಯುವಂತೆ ಮಾಡುವುದೇ ಆಟಗಾರನ ಗುರಿ. ಈ ಮಾರ್ಗಕ್ಕೆ ನಿಜ ಜಗತ್ತಿನ ಆಧಾರವಿದೆ, ಆದರೆ ಅದು ಸಂವರ್ಧಿತ ಯುರೇನಿಯಂನ ಮಾರ್ಗ. ಕೈಗಾದ ಇಂಧನಕ್ಕೆ ಹೆಕ್ಸಾಫ್ಲೋರೈಡೂ ಬೇಡ, ಸೆಂಟ್ರಿಫ್ಯೂಜೂ ಬೇಡ. ಆಟಗಾರನು ಬಯಸುವ ಸ್ವಯಂಚಾಲನೆ ಇಲ್ಲಿ ಕಾಣುವುದು ಸರಪಣಿಯ ಕೊನೆಯಲ್ಲಿ, ರಿಯಾಕ್ಟರ್‌ನ ಬಾಯಿಯಲ್ಲಿ.

ನಡೆಯುತ್ತಿರುವಾಗಲೇ ತುಂಬುವುದು

ಕೈಗಾದ ಪ್ರತಿ ರಿಯಾಕ್ಟರ್‌ನಲ್ಲಿ ಅಡ್ಡಲಾಗಿ ಮಲಗಿಸಿದ 306 ಇಂಧನ ಚಾನೆಲ್‌ಗಳಿವೆ. ಒಂದೊಂದರಲ್ಲಿ 12 ಬಂಡಲ್‌ಗಳಂತೆ ಒಟ್ಟು 3,672 ಬಂಡಲ್‌ಗಳು. ಅವುಗಳಲ್ಲಿರುವ ಯುರೇನಿಯಂ ಡೈಆಕ್ಸೈಡ್ ಸುಮಾರು 55 ಟನ್. ರಿಯಾಕ್ಟರ್‌ನ ಎರಡು ಮಗ್ಗುಲಿಗೂ ಒಂದೊಂದು ಫ್ಯುಯೆಲಿಂಗ್ ಮಷೀನ್ ಇರುತ್ತದೆ. ಇವುಗಳನ್ನು ಕಂಟ್ರೋಲ್ ರೂಮಿನಿಂದ ಕಂಪ್ಯೂಟರ್ ಮೂಲಕ ನಡೆಸುತ್ತಾರೆ. ವಿಕಿರಣ ತೀವ್ರವಾಗಿರುವುದರಿಂದ ರಿಯಾಕ್ಟರ್ ನಡೆಯುತ್ತಿರುವಾಗ ಆ ಮಷೀನ್‌ಗಳಿರುವ ಕೋಣೆಗಳಿಗೆ ಯಾರೂ ಕಾಲಿಡುವಂತಿಲ್ಲ.

ಯಾವ ಚಾನೆಲ್‌ನ ಇಂಧನ ಬದಲಿಸಬೇಕೆಂದು ರಿಯಾಕ್ಟರ್ ಭೌತಶಾಸ್ತ್ರದ ಲೆಕ್ಕ ಹಾಕುವವರು ನಿರ್ಧರಿಸುತ್ತಾರೆ. ಎರಡೂ ಮಷೀನ್‌ಗಳು ಅದೇ ಚಾನೆಲ್‌ನ ಎರಡು ತುದಿಗಳಿಗೆ ಬಂದು ಕಚ್ಚಿಕೊಳ್ಳುತ್ತವೆ. ಒಳಗೆ ಭಾರಜಲ ಸುಮಾರು 290 ಡಿಗ್ರಿ ಶಾಖದಲ್ಲಿ, ಭಾರಿ ಒತ್ತಡದಲ್ಲಿ ಹರಿಯುತ್ತಿರುತ್ತದೆ. ಸೋರಿಕೆ ಇಲ್ಲವೆಂದು ಪರೀಕ್ಷಿಸಿದ ನಂತರವೇ ಚಾನೆಲ್‌ನ ಬಿರಡೆ ತೆರೆಯುತ್ತದೆ. ಒಂದು ಮಷೀನ್ ಹೊಸ ಬಂಡಲ್‌ಗಳನ್ನು ಜೋಡಿ ಜೋಡಿಯಾಗಿ ಒಳಗೆ ತಳ್ಳುತ್ತದೆ, ಎದುರಿನದು ಉರಿದ ಬಂಡಲ್‌ಗಳನ್ನು ತನ್ನೊಳಗೆ ಪಡೆದುಕೊಳ್ಳುತ್ತದೆ. ಸಾಮಾನ್ಯವಾಗಿ ಒಂದು ಬಾರಿಗೆ ಎಂಟು ಬಂಡಲ್ ಬದಲಾಗುತ್ತವೆ. ಕೆಲಸ ಮುಗಿದು ಬಿರಡೆ ಮತ್ತೆ ಕೂತ ಮೇಲೆ ಉರಿದ ಬಂಡಲ್‌ಗಳು ನೀರು ತುಂಬಿದ ಕೊಳಕ್ಕೆ ಸಾಗುತ್ತವೆ. ಇಷ್ಟೆಲ್ಲ ನಡೆಯುವಾಗ ಟರ್ಬೈನ್ ತಿರುಗುತ್ತಲೇ ಇರುತ್ತದೆ. ಪೂರ್ಣ ಸಾಮರ್ಥ್ಯದಲ್ಲಿ ಓಡುವ ಒಂದು ಘಟಕಕ್ಕೆ ಸರಾಸರಿ ದಿನಕ್ಕೊಂದು ಚಾನೆಲ್‌ನಂತೆ ಈ ಕೆಲಸ ಬೀಳುತ್ತದೆ. ಯಾವುದಾದರೂ ಬಂಡಲ್‌ನ ಹೊದಿಕೆ ಬಿರುಕುಬಿಟ್ಟರೆ ಅದು ಯಾವ ಚಾನೆಲ್‌ನಲ್ಲಿದೆಯೆಂದು ಗುರುತಿಸಿ, ರಿಯಾಕ್ಟರ್ ನಿಲ್ಲಿಸದೆಯೇ ಹೊರತೆಗೆಯಬಹುದು.

962 ದಿನಗಳ ಓಟ

ಒಂದನೆಯ ಘಟಕ 2016ರ ಮೇ 13ರಂದು ಆರಂಭಿಸಿದ ಓಟವನ್ನು 2018ರ ಡಿಸೆಂಬರ್ 31ರಂದು ನಿಲ್ಲಿಸಿತು. 962 ದಿನಗಳ ಈ ನಿರಂತರ ಉತ್ಪಾದನೆ ಬ್ರಿಟನ್ನಿನ ಹೇಶಮ್ ಸ್ಥಾವರದ 940 ದಿನಗಳ ವಿಶ್ವದಾಖಲೆಯನ್ನು ಮುರಿಯಿತು. ಮುಂದೆ ಕೆನಡಾದ ಡಾರ್ಲಿಂಗ್ಟನ್ ಸ್ಥಾವರದ ಒಂದನೆಯ ಘಟಕ 1,106 ದಿನ ಓಡಿ ಕೈಗಾವನ್ನು ಹಿಂದಿಕ್ಕಿತು. ಡಾರ್ಲಿಂಗ್ಟನ್ ಕೂಡ ಭಾರಜಲದ ರಿಯಾಕ್ಟರೇ. ಅಲ್ಲಿಯೂ ನಡೆಯುತ್ತಿರುವಾಗಲೇ ಇಂಧನ ತುಂಬುತ್ತಾರೆ. ಸಂವರ್ಧಿತ ಯುರೇನಿಯಂ ಬಳಸುವ ಸಾಮಾನ್ಯ ನೀರಿನ ರಿಯಾಕ್ಟರ್‌ಗಳನ್ನು ಒಂದರಿಂದ ಎರಡು ವರ್ಷಕ್ಕೊಮ್ಮೆ ನಿಲ್ಲಿಸಿ, ಮುಚ್ಚಳ ತೆಗೆದೇ ಇಂಧನ ಬದಲಿಸಬೇಕಾಗುತ್ತದೆ. ಕೈಗಾದ ದಾಖಲೆ ಇಂಧನ ತುಂಬುವ ವಿಧಾನದ ಜೊತೆಗೆ ಅಲ್ಲಿ ದುಡಿಯುವವರ ಶಿಸ್ತಿಗೂ ಸಂದ ಗೌರವ.

ಇಂಧನದ ಕೊರತೆ

ಮಷೀನ್ ಎಷ್ಟೇ ಚೆನ್ನಾಗಿದ್ದರೂ ಗಣಿಯಿಂದ ಯುರೇನಿಯಂ ಬರದಿದ್ದರೆ ರಿಯಾಕ್ಟರ್ ಓಡದು. 2008ರ ಆಸುಪಾಸಿನಲ್ಲಿ ದೇಶದೊಳಗಿನ ಯುರೇನಿಯಂ ಸಾಲದೆ ಹಲವು ರಿಯಾಕ್ಟರ್‌ಗಳು ಕಡಿಮೆ ಸಾಮರ್ಥ್ಯದಲ್ಲಿ ನಡೆದವು. ಕೈಗಾದ ನಾಲ್ಕನೆಯ ಘಟಕವೂ ಆರಂಭವಾಗಲು ಇಂಧನಕ್ಕಾಗಿ ಕಾಯಬೇಕಾಯಿತು. ಆ ನಂತರ ವಿದೇಶಿ ಯುರೇನಿಯಂ ಬರತೊಡಗಿತಾದರೂ ಅದನ್ನು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣೆಗೆ ಒಳಪಟ್ಟ ಸ್ಥಾವರಗಳಲ್ಲಿ ಮಾತ್ರ ಬಳಸಬಹುದು. ಕೈಗಾದ ನಾಲ್ಕು ಘಟಕಗಳು ಆ ಪಟ್ಟಿಗೆ ಸೇರದೆ ದೇಶೀಯ ಯುರೇನಿಯಂ ಅನ್ನೇ ನೆಚ್ಚಿಕೊಂಡಿವೆ.

ಕಾರ್ಗಲ್‌ನ ನೀರು, ಕೈಗಾದ ಯುರೇನಿಯಂ

ಕೊರತೆಯ ಚಿಂತೆ ಕೈಗಾದ್ದು ಮಾತ್ರವಲ್ಲ. ಮಲೆನಾಡಿನ ವಿದ್ಯುತ್ತಿನ ಇನ್ನೊಂದು ನೆಲೆ ಸಾಗರ ತಾಲ್ಲೂಕಿನ ಕಾರ್ಗಲ್. ಇಲ್ಲಿ ಟರ್ಬೈನ್ ತಿರುಗಿಸುವುದು ಮಳೆನೀರು. ಶರಾವತಿ ನದಿಗೆ ಕಟ್ಟಿದ, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ನೀರು ಮೊದಲು 55 ಮೆಗಾವಾಟ್‌ನ ಅಣೆಕಟ್ಟು ವಿದ್ಯುದಾಗಾರವನ್ನು ಹಾದು, ಕಾಲುವೆಯಲ್ಲಿ ತಳಕಳಲೆ ಜಲಾಶಯಕ್ಕೆ ಹರಿಯುತ್ತದೆ. ಅಲ್ಲಿಂದ 1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರಕ್ಕೆ ಧುಮುಕಿ, ಕೆಳಗೆ ಗೇರುಸೊಪ್ಪದಲ್ಲಿ 240 ಮೆಗಾವಾಟ್‌ನ ಇನ್ನೊಂದು ಕೇಂದ್ರವನ್ನು ನಡೆಸುತ್ತದೆ. ಒಂದೇ ನೀರು ಮೂರು ಕಡೆ ದುಡಿಯುತ್ತದೆ. ಆದರೆ ಅದು ಕೂಡುವುದು ಮಳೆಗಾಲದ ನಾಲ್ಕು ತಿಂಗಳಲ್ಲಿ. ಮುಂಗಾರು ಕೈಕೊಟ್ಟ ವರ್ಷ ಬೇಸಿಗೆಗೆ ನೀರು ಉಳಿಸಿಕೊಳ್ಳುವ ಚಿಂತೆ ಶುರುವಾಗುತ್ತದೆ. ಸಂಜೆ ಬೇಡಿಕೆ ಏರಿದಾಗ ನಿಮಿಷಗಳಲ್ಲಿ ಉತ್ಪಾದನೆ ಏರಿಸುವುದು ಶರಾವತಿಯ ಬಲ. ಹಗಲಿರುಳು, ಮಳೆ ಬಿಸಿಲೆನ್ನದೆ ಒಂದೇ ಹದದಲ್ಲಿ ಕೊಡುವುದು ಕೈಗಾದ ಬಲ. ಕೈಗಾಕ್ಕೂ ತಂಪಿಗೆ ನದಿ ಬೇಕೇ ಬೇಕು. ಅದು ಕಾಳಿಯ ಕದ್ರಾ ಜಲಾಶಯದ ನೀರನ್ನು ಆಶ್ರಯಿಸಿದೆ.

ಎರಡಕ್ಕೂ ಈ ನಾಡು ಬೆಲೆ ತೆತ್ತಿದೆ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರುಗಳು ಮುಳುಗಿ, ಅಲ್ಲಿನ ಕುಟುಂಬಗಳು ಗದ್ದೆ ತೋಟ ಬಿಟ್ಟು ಎದ್ದು ಹೋಗಬೇಕಾಯಿತು. ಪಶ್ಚಿಮಘಟ್ಟದ ಕಾಡಿನ ನಡುವೆ ಅಣುಸ್ಥಾವರ ಬೇಡವೆಂದು ಶಿವರಾಮ ಕಾರಂತರು ಹೋರಾಡಿದರು. ಇದೇ ಪ್ರಶ್ನೆಯನ್ನು ಮುಂದಿಟ್ಟು 1989ರ ಲೋಕಸಭಾ ಚುನಾವಣೆಗೂ ನಿಂತರು. 1994ರ ಮೇ ತಿಂಗಳಲ್ಲಿ ನಿರ್ಮಾಣ ಹಂತದಲ್ಲಿದ್ದ ಒಂದನೆಯ ಘಟಕದ ಗುಮ್ಮಟದ ಒಳಪದರ ಕಳಚಿಬಿದ್ದು, ವಿನ್ಯಾಸವನ್ನು ಬದಲಿಸಬೇಕಾಯಿತು.

ಉರಿದ ಇಂಧನ ಮತ್ತು ಮುಂದಿನ ಘಟಕಗಳು

ಶರಾವತಿಯ ನೀರು ದುಡಿದು ಕಡಲಿಗೆ ಸೇರುತ್ತದೆ. ಕೈಗಾದ ಬಂಡಲ್ ಹಾಗೆ ಕೈಬಿಡುವಂಥದ್ದಲ್ಲ. ಹೊರಬಂದ ಮೇಲೂ ಅದು ಶಾಖ, ವಿಕಿರಣ ಎರಡನ್ನೂ ಸೂಸುತ್ತಿರುವುದರಿಂದ ವರ್ಷಗಟ್ಟಲೆ ನೀರಿನಡಿ ಇಡಬೇಕು. ಅದರಲ್ಲಿ ಹುಟ್ಟಿದ ಪ್ಲುಟೋನಿಯಂ ಅನ್ನು ಬೇರ್ಪಡಿಸಿ ಮುಂದಿನ ಹಂತದ ರಿಯಾಕ್ಟರ್‌ಗಳಲ್ಲಿ ಬಳಸುವುದು ಭಾರತದ ನೀತಿ. ಉಳಿಯುವ ತ್ಯಾಜ್ಯವನ್ನು ಗಾಜಿನೊಳಗೆ ಬಂಧಿಸಿ ತಲೆಮಾರುಗಳ ಕಾಲ ಕಾಯಬೇಕು.

ಕೈಗಾದಲ್ಲಿ ತಲಾ 700 ಮೆಗಾವಾಟ್‌ನ ಐದನೆಯ ಮತ್ತು ಆರನೆಯ ಘಟಕಗಳಿಗೆ ಕೇಂದ್ರ ಸರ್ಕಾರ 2017ರಲ್ಲಿ ಒಪ್ಪಿಗೆ ಕೊಟ್ಟಿದೆ. ಅವುಗಳಲ್ಲಿ 392 ಚಾನೆಲ್‌ಗಳು, 37 ಕೊಳವೆಗಳ ಬಂಡಲ್‌ಗಳು ಇರುತ್ತವೆ. ನಡೆಯುತ್ತಿರುವಾಗಲೇ ಇಂಧನ ತುಂಬುವ ಪದ್ಧತಿ ಅಲ್ಲಿಯೂ ಮುಂದುವರಿಯುತ್ತದೆ. ಒಳಹೋಗುವ ಪ್ರತಿ ಬಂಡಲ್‌ಗೆ ಹೊರಬರುವ ಒಂದು ಬಂಡಲ್ ಇದ್ದೇ ಇರುವುದರಿಂದ, ತುಂಬುವ ವಿದ್ಯೆಯಲ್ಲಿ ತೋರಿದ ನಿಷ್ಠೆಯನ್ನೇ ಕಾಪಿಡುವ ಹೊಣೆಯಲ್ಲೂ ತೋರುವುದು ಅನಿವಾರ್ಯ.