ಸೀಟ್ ಬೆಲ್ಟ್ ಮತ್ತು ಮಕ್ಕಳ ಕಾರ್ ಸೀಟು: ಚರಿತ್ರೆ

ಓಡುವ ವಾಹನ ಡಿಕ್ಕಿಯಾಗಿ ನಿಂತಾಗ ಒಳಗಿದ್ದವರು ಮುಂದಕ್ಕೆ ಚಿಮ್ಮದಂತೆ ಆಸನಕ್ಕೆ ಹಿಡಿದಿಡುವ ಪಟ್ಟಿಯೇ ಸೀಟ್ ಬೆಲ್ಟ್. ಈ ಪಟ್ಟಿ ದೊಡ್ಡವರ ಮೈ ಅಳತೆಯದು. ಅದು ಹೊಂದದ ಎಳೆಯರಿಗಾಗಿ ಬಂದದ್ದು ಮಕ್ಕಳ ಕಾರ್ ಸೀಟು. ಬೆಲ್ಟನ್ನು ಕಂಡುಹಿಡಿದವರು ಯಾರು, ಭಾರತದಲ್ಲಿ ಹಿಂದಿನ ಸೀಟಿಗೆ ಅದು ಕಡ್ಡಾಯವಾದದ್ದು ಯಾವಾಗ ಎಂಬ ಎರಡು ವಿಷಯಗಳಲ್ಲಿ ಪ್ರಚಲಿತ ಬರಹಗಳು ಮೇಲಿಂದ ಮೇಲೆ ಎಡವುತ್ತವೆ. ಹೀಗಾಗಿ ಇಲ್ಲಿ ಅವೆರಡಕ್ಕೂ ಹೆಚ್ಚು ಜಾಗ ಕೊಟ್ಟಿದೆ.

ಮೊದಲಿಗರು ಯಾರು?

ಮೊದಲ ಸೀಟ್ ಬೆಲ್ಟ್ ಪೇಟೆಂಟ್ ನ್ಯೂಯಾರ್ಕಿನ ಎಡ್ವರ್ಡ್ ಕ್ಲಾಗ್‌ಹಾರ್ನನದು, 1885ರ ಫೆಬ್ರುವರಿ 10ರದು, ಅಲ್ಲಿನ ಟ್ಯಾಕ್ಸಿಗಳಲ್ಲಿ ಪ್ರವಾಸಿಗರನ್ನು ಕಾಪಾಡಲು ಅದನ್ನು ಮಾಡಿದ್ದು ಎಂದು ಅನೇಕ ಕಡೆ ಬರೆದಿರುತ್ತದೆ. ಪೇಟೆಂಟಿನ ದಿನಾಂಕ ನಿಜ, ಟ್ಯಾಕ್ಸಿಯ ಕತೆ ನಿಲ್ಲುವುದಿಲ್ಲ. ಕಾರ್ಲ್ ಬೆಂಜ್ ತನ್ನ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದ್ದೇ 1886ರ ಜನವರಿಯಲ್ಲಿ. ಕ್ಲಾಗ್‌ಹಾರ್ನನ ದಾಖಲೆಯಲ್ಲಿ ಇರುವುದು ಮೈಗೆ ಕಟ್ಟಿಕೊಂಡು, ಕೊಕ್ಕೆಗಳಿಂದ ಅಲುಗದ ಒಂದು ವಸ್ತುವಿಗೆ ಸಿಕ್ಕಿಸಿಕೊಳ್ಳುವ ಪಟ್ಟಿ. ಎತ್ತರಕ್ಕೆ ಹತ್ತಿ ಕೆಲಸ ಮಾಡುವವರ ಸೊಂಟಪಟ್ಟಿಯ ಜಾತಿಯದು. ‘ಸುರಕ್ಷಾ ಪಟ್ಟಿ’ ಎಂಬ ಶೀರ್ಷಿಕೆಯನ್ನಷ್ಟೇ ನೋಡಿ ಯಾರೋ ಕಾರಿಗೆ ಜೋಡಿಸಿದರು, ಉಳಿದವರು ನಕಲು ಮಾಡಿದರು. ಮೋಟಾರು ವಾಹನಕ್ಕೆಂದೇ ಮಾಡಿದ ಪಟ್ಟಿ ಬೇಕೆಂದರೆ 1903ಕ್ಕೆ ಬರಬೇಕು. ಆ ವರ್ಷ ಫ್ರಾನ್ಸಿನ ಗುಸ್ತಾವ್ ದೆಸಿರೆ ಲೆಬೋ (ಕೆಲವರು ಲೆವೋ ಎಂದೂ ಬರೆಯುತ್ತಾರೆ) ಎತ್ತರದ ಬೆನ್ನಿನ ಆಸನಕ್ಕೆ ಎದೆಯ ಮೇಲೆ ಹಾಯುವ ಪಟ್ಟಿಗಳನ್ನು ಹೊಂದಿಸಿ ಪೇಟೆಂಟ್ ಪಡೆದ. ವಿಮಾನದಲ್ಲಿ ಪಟ್ಟಿ ಬೇಗ ಬಳಕೆಗೆ ಬಂತು. ಅಮೆರಿಕದ ಸೇನೆಯ ಬೆಂಜಮಿನ್ ಫುಲೋಯಿಸ್ ರೈಟ್ ಸೋದರರ ವಿಮಾನದಿಂದ ಹೊರಗೆ ಬೀಳುವಂತಾದ ಮೇಲೆ, ಕುದುರೆ ಜೀನು ಹೊಲಿಯುವವರಿಂದ ತನಗೊಂದು ಪಟ್ಟಿ ಮಾಡಿಸಿಕೊಂಡ.

ಎರಡನೆಯ ಗೊಂದಲ ಮೂರು ಬಿಂದುಗಳ ಬೆಲ್ಟಿನದು. ಇಂದಿನ ಎಲ್ಲ ಕಾರುಗಳಲ್ಲಿರುವ, ಭುಜದಿಂದ ಇಳಿದು ಸೊಂಟವನ್ನು ಬಳಸುವ ಈ ಬೆಲ್ಟನ್ನು ವೋಲ್ವೋ ಕಂಪನಿಯ ಇಂಜಿನಿಯರ್ ನಿಲ್ಸ್ ಬೋಲಿನ್ ಹೆಸರಿಗೆ ಬರೆಯುವುದು ವಾಡಿಕೆ. ಅವರಿಗಿಂತ ಮುಂಚೆಯೇ ಅಮೆರಿಕದ ರೋಜರ್ ಗ್ರಿಸ್‌ವೋಲ್ಡ್ ಮತ್ತು ಹ್ಯೂ ಡಿಹೇವನ್ 1951ರಲ್ಲಿ ಅರ್ಜಿ ಹಾಕಿ 1955ರಲ್ಲಿ ಮೂರು ಬಿಂದುಗಳ ಪಟ್ಟಿಗೆ ಪೇಟೆಂಟ್ ಪಡೆದಿದ್ದರು. ಡಿಹೇವನ್ ಮೊದಲ ಮಹಾಯುದ್ಧದ ಕಾಲದಲ್ಲಿ ವಿಮಾನ ತರಬೇತಿಯಲ್ಲಿದ್ದಾಗ ಅಪಘಾತಕ್ಕೆ ಸಿಕ್ಕಿ, ತಮ್ಮದೇ ಬೆಲ್ಟಿನ ಬಕಲ್ ಹೊಟ್ಟೆಗೆ ಒತ್ತಿ ಒಳ ಅಂಗಗಳಿಗೆ ಪೆಟ್ಟಾಗಿ ಬದುಕಿದವರು. ಡಿಕ್ಕಿಯಲ್ಲಿ ಮೈಗೆ ಗಾಯವಾಗುವುದು ಯಾವುದರಿಂದ ಎಂಬ ಅಧ್ಯಯನಕ್ಕೆ ಅವರು ಆಮೇಲೆ ಬಾಳನ್ನೇ ಕೊಟ್ಟರು. ಆದರೂ ಅವರ ಜಂಟಿ ವಿನ್ಯಾಸದಲ್ಲಿ ಬಕಲ್ ಹೊಟ್ಟೆಯ ಮೇಲೆಯೇ ಉಳಿದಿತ್ತು. ಬೋಲಿನ್ನರ ಕೊಡುಗೆ ಇರುವುದು ಇಲ್ಲಿ. ಸಾಬ್ ಕಂಪನಿಯಲ್ಲಿ ಪೈಲಟ್‌ಗಳನ್ನು ಹೊರಚಿಮ್ಮಿಸುವ ಆಸನಗಳ ಮೇಲೆ ದುಡಿದು 1958ರಲ್ಲಿ ವೋಲ್ವೋ ಸೇರಿದ ಅವರು, ಬಕಲನ್ನು ಸೊಂಟದ ಪಕ್ಕಕ್ಕೆ ಇಳಿಸಿದರು. ಭುಜದ ಪಟ್ಟಿ ಮತ್ತು ಸೊಂಟದ ಪಟ್ಟಿ ಎರಡೂ ಅಲ್ಲಿ ಕೂಡುವಂತೆ ಮಾಡಿದರು, ಒಂದೇ ಕೈಯಲ್ಲಿ ಸಿಕ್ಕಿಸುವಂತೆ ಮಾಡಿದರು. ಬಲವೆಲ್ಲ ಪಕ್ಕೆಲುಬು ಮತ್ತು ಸೊಂಟದ ಮೂಳೆಗಳ ಮೇಲೆ ಬಿದ್ದು ಮೆತ್ತನೆಯ ಹೊಟ್ಟೆ ಪಾರಾಯಿತು. ಪಟ್ಟಿ ಕಂಕುಳ ಕೆಳಗೆ ಹೋಗದೆ ಹೆಗಲ ಮೇಲೆ ಹಾಯಬೇಕು, ಕೆಳಪಟ್ಟಿ ಹೊಟ್ಟೆ ಬಿಟ್ಟು ಸೊಂಟದ ಮೂಳೆಗೆ ತಾಗಿರಬೇಕು ಎಂದು ಇಂದಿಗೂ ಹೇಳುವುದು ಈ ಲೆಕ್ಕಾಚಾರದಿಂದಲೇ. 1959ರ ಆಗಸ್ಟ್ 13ರಂದು ಸ್ವೀಡನ್ನಿನ ಕ್ರಿಸ್ಟಿಯಾನ್‌ಸ್ಟಾಡ್ ಊರಿನಲ್ಲಿ ಈ ಬೆಲ್ಟ್ ಇದ್ದ ಮೊದಲ ಕಾರು ಗಿರಾಕಿಯ ಕೈ ಸೇರಿತು. ಪೇಟೆಂಟನ್ನು ಕಂಪನಿ ಇತರ ತಯಾರಕರಿಗೂ ಬಿಟ್ಟುಕೊಟ್ಟಿತು.

ಕಾನೂನಿನ ಹಾದಿ

1967ರಲ್ಲಿ ಬೋಲಿನ್ ಸ್ವೀಡನ್ನಿನ ಸುಮಾರು 28,000 ಅಪಘಾತಗಳ ವಿವರ ಮುಂದಿಟ್ಟರು. ಬೆಲ್ಟ್ ಹಾಕಿದವರಲ್ಲಿ ಗಂಟೆಗೆ ಸುಮಾರು 96 ಕಿ.ಮೀ.ಗಿಂತ ಕಡಿಮೆ ವೇಗದಲ್ಲಿ ಸತ್ತವರಿರಲಿಲ್ಲ. ಹಾಕದವರು 20 ಕಿ.ಮೀ. ವೇಗದಲ್ಲೂ ಸತ್ತಿದ್ದರು. ಕಾರಿನಲ್ಲಿ ಬೆಲ್ಟ್ ಇರಬೇಕೆಂಬ ನಿಯಮ ಅಮೆರಿಕದಲ್ಲಿ 1968ರಿಂದ ಜಾರಿಗೆ ಬಂತು. ಇರುವ ಬೆಲ್ಟನ್ನು ಹಾಕಿಕೊಳ್ಳಲೇಬೇಕೆಂದು ಮೊದಲು ವಿಧಿಸಿದ್ದು ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯ, 1970ರ ಡಿಸೆಂಬರಿನಲ್ಲಿ. ಬ್ರಿಟನ್ ಮುಂದಿನ ಸೀಟಿಗೆ 1983ರಲ್ಲಿ, ನ್ಯೂಯಾರ್ಕ್ ರಾಜ್ಯ 1984ರಲ್ಲಿ ಅನುಸರಿಸಿದವು. ಬೆಲ್ಟ್ ಸಿಕ್ಕಿಸದೆ ಕಾರು ಸ್ಟಾರ್ಟೇ ಆಗದಂತೆ ಮಾಡುವ ಅಮೆರಿಕದ ಪ್ರಯತ್ನ ಜನರ ಸಿಟ್ಟಿಗೆ ಸಿಕ್ಕಿ 1974ರಲ್ಲೇ ಕೊನೆಯಾಯಿತು.

ಮಡಿಲಿನಿಂದ ಸೀಟಿಗೆ

1930ರ ದಶಕದಿಂದಲೇ ಮಕ್ಕಳ ಕಾರ್ ಸೀಟು ಮಾರಾಟಕ್ಕಿತ್ತೆಂಬುದು ನಿಜ. ಆದರೆ ಮಗುವನ್ನು ಕಿಟಕಿಯ ಎತ್ತರಕ್ಕೆ ಏರಿಸಿ, ಅತ್ತಿತ್ತ ಓಡಾಡದಂತೆ ಕೂರಿಸುವುದಷ್ಟೇ ಅದರ ಕೆಲಸ. ಡಿಕ್ಕಿಯಿಂದ ಕಾಪಾಡುವ ಉದ್ದೇಶದ ಸೀಟುಗಳು 1962ರ ಹೊತ್ತಿಗೆ ಬ್ರಿಟನ್ನಿನ ಜೀನ್ ಏಮ್ಸ್ ಮತ್ತು ಅಮೆರಿಕದ ಲಿಯೊನಾರ್ಡ್ ರಿವ್‌ಕಿನ್ ಅವರಿಂದ ಬೇರೆಬೇರೆಯಾಗಿ ಬಂದವು. ಇವರಲ್ಲಿ ಯಾರು ಮೊದಲು ಎಂಬ ಚರ್ಚೆಗಿಂತ ಮಹತ್ವದ್ದು 1964ರ ತಿರುವು. ಗಗನಯಾತ್ರಿಗಳು ಬೆನ್ನು ಕೊಟ್ಟು ಮಲಗಿ ಉಡಾವಣೆಯ ಒತ್ತಡ ತಡೆಯುವುದನ್ನು ಗಮನಿಸಿದ ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್, ಮಗುವಿನ ಸೀಟನ್ನೇ ಹಿಂದುಮುಂದಾಗಿ ತಿರುಗಿಸಿದರು. ಕೂಸಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಕುತ್ತಿಗೆ ಎಳೆಯದು. ಕಾರಿನ ಹಿಂಬದಿಗೆ ಮುಖ ಮಾಡಿ ಕೂತಾಗ ಪೆಟ್ಟು ಇಡೀ ಬೆನ್ನಿಗೆ ಹರಡಿ ಕುತ್ತಿಗೆ ಉಳಿಯುತ್ತದೆ. ವೋಲ್ವೋ 1972ರಲ್ಲಿ ಇಂಥ ಸೀಟನ್ನೂ, ಅದೇ ದಶಕದಲ್ಲಿ ದೊಡ್ಡ ಮಕ್ಕಳನ್ನು ಬೆಲ್ಟಿನ ಎತ್ತರಕ್ಕೆ ತರುವ ಬೂಸ್ಟರ್ ದಿಂಬನ್ನೂ ಮಾರುಕಟ್ಟೆಗೆ ತಂದಿತು. 1990ರ ದಶಕದಲ್ಲಿ ಏರ್‌ಬ್ಯಾಗ್ ಬಳಕೆ ಹೆಚ್ಚಿದಾಗ ಹೊಸ ಅಪಾಯ ತಿಳಿಯಿತು. ಹಿಂಬದಿಗೆ ಮುಖ ಮಾಡಿದ ಸೀಟನ್ನು ಮುಂದೆ ಇಟ್ಟರೆ ಉಬ್ಬುವ ಏರ್‌ಬ್ಯಾಗೇ ಕೂಸಿನ ತಲೆಗೆ ಮಾರಕ. ಅಮೆರಿಕದಲ್ಲಿ ಕೂಸುಗಳು ಸತ್ತ ಮೇಲೆ ಎಚ್ಚರಿಕೆಯ ಚೀಟಿ ಕಡ್ಡಾಯವಾಯಿತು. ಸೀಟನ್ನು ಕಾರಿನ ಚೌಕಟ್ಟಿಗೇ ಸಿಕ್ಕಿಸುವ ಐಸೋಫಿಕ್ಸ್ ಮಾನದಂಡ 1999ರದು.

ಮಕ್ಕಳ ಸೀಟನ್ನು ಮೊದಲು ಕಡ್ಡಾಯ ಮಾಡಿದ್ದು ಅಮೆರಿಕದ ಟೆನೆಸಿ ರಾಜ್ಯ, 1978ರ ಜನವರಿ 1ರಿಂದ. ಅದರ ಬೆನ್ನಿಗಿದ್ದವರು ಮಕ್ಕಳ ವೈದ್ಯ ರಾಬರ್ಟ್ ಸ್ಯಾಂಡರ್ಸ್. ಈ ಕಾಯ್ದೆಯ ಒಂದು ವಾಕ್ಯ ಬೇರೆ ಯಾವುದಕ್ಕಿಂತ ಹೆಚ್ಚಾಗಿ ನೆನಪಿಡಬೇಕಾದದ್ದು. ದೊಡ್ಡವರು ಮಗುವನ್ನು ತೋಳಲ್ಲಿ ಹಿಡಿದಿದ್ದರೆ ಸೀಟು ಬೇಡ ಎಂಬ ವಿನಾಯಿತಿ ಅದರೊಳಗೆ ಸೇರಿಕೊಂಡಿತ್ತು. ಸ್ಯಾಂಡರ್ಸ್ ಮತ್ತು ಸಂಗಡಿಗರು ಅದರ ವಿರುದ್ಧ ಹೋರಾಡಿ 1981ರಲ್ಲಿ ತೆಗೆಸಿದರು. ಲೆಕ್ಕ ಸರಳವಾಗಿದೆ. ಗಂಟೆಗೆ 50 ಕಿ.ಮೀ. ವೇಗದ ಕಾರು ಗೋಡೆಗೆ ಬಡಿದು, ಮೂತಿ ಅರ್ಧ ಮೀಟರ್ ಜಜ್ಜಿಹೋಗಿ ನಿಂತರೆ, 10 ಕಿಲೋ ಮಗುವನ್ನು ಹಿಡಿದಿಡಲು ಸುಮಾರು 200 ಕಿಲೋ ಭಾರ ಎತ್ತುವಷ್ಟು ಬಲ ಬೇಕು. ಯಾವ ತಾಯಿಯ ತೋಳಿಗೂ ಅದು ಆಗದ ಮಾತು. ತಾನು ಬೆಲ್ಟ್ ಹಾಕದೆ ಮಗುವನ್ನು ಅಪ್ಪಿಕೊಂಡವರ ಭಾರವೂ ಮಗುವಿನ ಮೇಲೆಯೇ ಬೀಳುತ್ತದೆ. ಒಂದೇ ಬೆಲ್ಟನ್ನು ಇಬ್ಬರಿಗೂ ಸುತ್ತಿದರೆ ಮಗು ಪಟ್ಟಿಗೂ ದೊಡ್ಡವರಿಗೂ ನಡುವೆ ಸಿಕ್ಕಿ ನಲುಗುತ್ತದೆ.

ಭಾರತದಲ್ಲಿ

ಹಿಂದಿನ ಸೀಟಿನ ಬೆಲ್ಟ್ 2022ರಲ್ಲಿ ಕಡ್ಡಾಯವಾಯಿತು ಎಂಬ ನಂಬಿಕೆ ವ್ಯಾಪಕವಾಗಿದೆ. ದಾಖಲೆ ಹಾಗೆ ಹೇಳುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 138(3)ನೇ ನಿಯಮ ಚಾಲಕ, ಮುಂದಿನ ಸೀಟಿನವರು, ಜೊತೆಗೆ ಮುಂದಕ್ಕೆ ಮುಖ ಮಾಡಿದ ಹಿಂದಿನ ಸೀಟಿನವರು ಎಲ್ಲರೂ ಬೆಲ್ಟ್ ಹಾಕಿರಬೇಕೆಂದು ತಿದ್ದುಪಡಿಯ ಮೂಲಕ ಅದಕ್ಕೂ ಎಷ್ಟೋ ವರ್ಷ ಮೊದಲೇ ಹೇಳಿತ್ತು. 2014ರ ಜೂನ್ 3ರಂದು ಕೇಂದ್ರ ಸಚಿವ ಗೋಪಿನಾಥ ಮುಂಡೆ ದೆಹಲಿಯಲ್ಲಿ ಹಿಂದಿನ ಸೀಟಿನಲ್ಲಿದ್ದಾಗ ಅಪಘಾತವಾಗಿ ತೀರಿಕೊಂಡಾಗಲೂ ಈ ನಿಯಮ ಪುಸ್ತಕದಲ್ಲಿತ್ತು. ಪಾಲಿಸುವವರೂ ಕೇಳುವವರೂ ಇರಲಿಲ್ಲ. 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ ಸೂರ್ಯಾ ನದಿ ಸೇತುವೆಯ ಬಳಿ ಕಾರು ಅಪಘಾತದಲ್ಲಿ ಸತ್ತರು. ಅವರೂ ಸೇರಿ ಹಿಂದೆ ಕೂತಿದ್ದ ಇಬ್ಬರೂ ಬೆಲ್ಟ್ ಹಾಕಿರಲಿಲ್ಲವೆಂದು ಪೊಲೀಸರು ತಿಳಿಸಿದ ಮೇಲೆ ಹಳೆಯ ನಿಯಮ ಹೊಸದರಂತೆ ಸುದ್ದಿಯಾಯಿತು.

ದಂಡದ ಮೊತ್ತವೂ ಸ್ಥಿರವಾಗಿ ನಿಲ್ಲಲಿಲ್ಲ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮು ಅದನ್ನು 1,000 ರೂಪಾಯಿಗೆ ಏರಿಸಿತು. ಅದೇ ತಿಂಗಳು ಕರ್ನಾಟಕ ಸರ್ಕಾರ 500ಕ್ಕೆ ಇಳಿಸಿತು. 2022ರ ಅಕ್ಟೋಬರಿನಲ್ಲಿ ರಾಜ್ಯದ ಪೊಲೀಸರು ಹಿಂದಿನ ಸೀಟಿನವರಿಗೂ ಸೇರಿಸಿ ಮತ್ತೆ 1,000ದ ಆದೇಶ ಹೊರಡಿಸಿದರು. ಆದರೆ ಎಷ್ಟೋ ಬಾಡಿಗೆ ಕಾರುಗಳಲ್ಲಿ ಹಿಂದಿನ ಬಕಲ್ ಸೀಟ್ ಕವರಿನ ಅಡಿ ಹೂತುಹೋಗಿರುತ್ತದೆ. ಹಾಕಿಕೊಳ್ಳಬೇಕೆಂದವರಿಗೂ ಸಿಗುವುದಿಲ್ಲ.

194ಬಿ ಕಲಮಿನ ಎರಡನೆಯ ಉಪಕಲಮು ಹೆಚ್ಚು ಚರ್ಚೆಯಾಗಿಲ್ಲ, ಆದರೆ ಮಕ್ಕಳ ಮಟ್ಟಿಗೆ ಭಾರತದ ಮುಖ್ಯ ತಿರುವು ಅದೇ. 14 ವರ್ಷ ತುಂಬದ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಿಂದ ಭದ್ರಪಡಿಸದೆ ಕರೆದೊಯ್ಯುವುದು ಅದರಂತೆ ಅಪರಾಧ. ‘ಅಥವಾ’ ಎಂಬ ಪದವೇ ಅದರ ದೌರ್ಬಲ್ಯ. ಎರಡು ವರ್ಷದ ಮಗುವಿಗೆ ದೊಡ್ಡವರ ಬೆಲ್ಟ್ ಸಾಲದೆಂದು ಅದು ಹೇಳುವುದಿಲ್ಲ. ಅಂಥ ಮಗುವಿಗೆ ಭುಜದ ಪಟ್ಟಿ ಕುತ್ತಿಗೆಗೆ, ಕೆಳಪಟ್ಟಿ ಹೊಟ್ಟೆಗೆ ಬರುತ್ತದೆ.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಬೆಲ್ಟ್ ಹಾಕದೆ ಸತ್ತವರು 16,715. ಅವರಲ್ಲಿ ಚಾಲಕರು 8,384, ಪ್ರಯಾಣಿಕರು 8,331. ಸತ್ತ ಪ್ರಯಾಣಿಕರು ಮುಂದಿದ್ದರೋ ಹಿಂದಿದ್ದರೋ, ಮಕ್ಕಳೆಷ್ಟೋ ಎಂಬುದು ಈ ಅಂಕಿಗಳಿಂದ ತಿಳಿಯದು. ಮುಂದಿನ ಸೀಟುಗಳಿಗೆ ಬೆಲ್ಟ್ ನೆನಪಿಸುವ ಸದ್ದು 2019ರ ಜುಲೈ 1ರಿಂದ ಕಡ್ಡಾಯವಾಗಿತ್ತು. ಆ ಸದ್ದನ್ನು ಅಡಗಿಸಲು ಬಕಲಿಗೆ ಸಿಕ್ಕಿಸುವ ಖಾಲಿ ಕ್ಲಿಪ್ಪುಗಳು ಆನ್‌ಲೈನಿನಲ್ಲಿ ರಾಜಾರೋಷವಾಗಿ ಬಿಕರಿಯಾಗುತ್ತಿದ್ದವು. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಜಾಲತಾಣಗಳ ಮೇಲೆ ಆದೇಶ ಹೊರಡಿಸಿತು. ಒಟ್ಟು 13,118 ಮಾರಾಟ ಪುಟಗಳು ತೆರವಾದವು. ಅದೇ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್ ಎಂಬ ಕಾರುಗಳ ಡಿಕ್ಕಿ ಪರೀಕ್ಷೆಯಲ್ಲಿ 18 ತಿಂಗಳ ಹಾಗೂ 3 ವರ್ಷದ ಮಕ್ಕಳ ಅಳತೆಯ ಗೊಂಬೆಗಳನ್ನು ಕಾರ್ ಸೀಟಿನಲ್ಲಿ ಕೂರಿಸಿ, ಮಕ್ಕಳ ಸುರಕ್ಷತೆಗೆಂದೇ 49 ಅಂಕ ಮೀಸಲಿಡಲಾಗಿದೆ.

ಇಲ್ಲಿನ ಬಹುಪಾಲು ಮನೆಗಳ ವಾಹನ ಸ್ಕೂಟರು, ಬೈಕು. ಆದ್ದರಿಂದ ಕಾರಿನ ಕತೆಗಷ್ಟೇ ನಿಂತರೆ ಚಿತ್ರ ಅಪೂರ್ಣ. 2022ರ ಫೆಬ್ರುವರಿ 15ರಂದು ಹೊರಟ ಕೇಂದ್ರದ ಅಧಿಸೂಚನೆಯಂತೆ, 4 ವರ್ಷದೊಳಗಿನ ಮಗುವನ್ನು ಬೈಕಿನಲ್ಲಿ ಕರೆದೊಯ್ಯುವಾಗ ಭುಜಕ್ಕೆ ಹಾಕಿ ಸವಾರನಿಗೆ ಕಟ್ಟುವ ಪಟ್ಟಿ ಇರಬೇಕು, 9 ತಿಂಗಳು ದಾಟಿದ ಮಗುವಿಗೆ ಹೆಲ್ಮೆಟ್ ಇರಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು. ಒಂದು ವರ್ಷದ ಗಡುವು ಮುಗಿದು, 2023ರ ಫೆಬ್ರುವರಿ 15ರಿಂದ ಅದು ಜಾರಿಗೆ ಬಂತು.