ಘಟ್ಟದ ಬುಡದ ಹಾದಿಗಳು: ನಮ್ಮ ಕಾಡಿನ ಚರಿತ್ರೆ

ಧಾರೇಶ್ವರದಲ್ಲಿ ಓದಿದವರಿಗೆ ಎರಡು ದಿಕ್ಕುಗಳ ಪರಿಚಯ ಯಾರೂ ಮಾಡಿಕೊಡಬೇಕಿಲ್ಲ. ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಘಟ್ಟ. ಸಮುದ್ರದ ಕಡೆಯ ಕಥೆ ನಮಗೆಲ್ಲ ಬಾಯಿಪಾಠವಾಗಿದೆ. ರಾವಣನ ಆತ್ಮಲಿಂಗದ ದಾರ ಬಿದ್ದ ಸ್ಥಳ ನಮ್ಮೂರೆಂದು, ಗೋಕರ್ಣ, ಮುರ್ಡೇಶ್ವರ, ಗುಣವಂತೆ, ಶೆಜ್ಜೇಶ್ವರಗಳ ಜೊತೆಗೆ ಇದು ಪಂಚಕ್ಷೇತ್ರಗಳಲ್ಲಿ ಒಂದೆಂದು ಅಜ್ಜಿಯಂದಿರು ಹೇಳಿದ್ದನ್ನು ಕೇಳಿಯೇ ಬೆಳೆದವರು ನಾವು. ಆದರೆ ಪೂರ್ವದ ಆ ನೀಲಿ ಸಾಲಿನ ಕಥೆಯನ್ನು ನಮಗೆ ಹೇಳಿದವರು ಕಡಿಮೆ. ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಆ ಕಥೆಯನ್ನು ನನಗೆ ತಿಳಿದಷ್ಟು ಬರೆದಿಡಬೇಕೆಂಬ ಆಸೆಯಿಂದ ಈ ಲೇಖನ.

ಉತ್ತರಕ್ಕೆ ಅಘನಾಶಿನಿ, ದಕ್ಷಿಣಕ್ಕೆ ಶರಾವತಿ. ಈ ಎರಡು ನದಿಗಳ ನಡುವಿನ ಘಟ್ಟದ ಇಳಿಜಾರು ಮತ್ತು ಅದರ ಬುಡದ ಕಾಡು ಇಂದು ಸರ್ಕಾರದ ಕಾಗದದಲ್ಲಿ ಸಂರಕ್ಷಿತ ಪ್ರದೇಶ. ಕಾಗದ ಬರುವ ಮೊದಲೂ ಈ ಕಾಡು ಇತ್ತು, ಅದರೊಳಗೆ ಹಾದಿಗಳಿದ್ದವು, ಹಾದಿಯ ಮೇಲೆ ಜನ ಓಡಾಡುತ್ತಿದ್ದರು.

ಕಾಳುಮೆಣಸಿನ ಹಾದಿ

ಈ ಹಾದಿಗಳನ್ನು ಮೊದಲು ಸವೆಸಿದ್ದು ಕಾಳುಮೆಣಸು. ಘಟ್ಟದ ತೇವದ ಕಾನುಗಳಲ್ಲಿ ಬೆಳೆದ ಮೆಣಸು ತಲೆಹೊರೆಯಲ್ಲಿ, ಎತ್ತಿನ ಬೆನ್ನ ಮೇಲೆ ಇಳಿದು ಬಂದು ದೋಣಿ ಸೇರುತ್ತಿತ್ತು. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯಿಂದ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದದ್ದು ಸುಮ್ಮನೆ ಅಲ್ಲ. ಆಕೆಯ ಆಳ್ವಿಕೆಯನ್ನು 1552ರಿಂದ 1606ರವರೆಗೆ, ಅಂದರೆ 54 ವರ್ಷಗಳೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅಘನಾಶಿನಿ ತೀರದ ಮಿರ್ಜಾನ ಕೋಟೆಯೂ ಆಕೆಯದೇ ಎಂಬ ಪ್ರತೀತಿ ಇದೆ. ಉತ್ತರದ ನದಿಗೆ ಮಿರ್ಜಾನ, ದಕ್ಷಿಣದ ನದಿಗೆ ಗೇರುಸೊಪ್ಪೆ, ನಡುವೆ ನಮ್ಮ ಊರು, ಬೆನ್ನಿಗೆ ಮೆಣಸಿನ ಕಾಡು. ನಕ್ಷೆ ಹಾಸಿ ನೋಡಿದರೆ ಆ ರಾಜ್ಯದ ಅರ್ಥಶಾಸ್ತ್ರ ಅಲ್ಲೇ ಕಾಣುತ್ತದೆ.

ಇಟಲಿಯ ಪ್ರವಾಸಿ ಪಿಯತ್ರೊ ದೆಲ್ಲಾ ವಾಲೆ 1623ರಲ್ಲಿ ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಯನ್ನೇರಿ ಗೇರುಸೊಪ್ಪೆಗೆ ಬಂದು, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೋದ. ಅಷ್ಟರಲ್ಲಿ ರಾಣಿಯ ಕಾಲ ಮುಗಿದು ಇಕ್ಕೇರಿಯ ವೆಂಕಟಪ್ಪ ನಾಯಕನ ಕಾಲ ಬಂದಿತ್ತು. ಒಂದು ಕಾಲದ ನಗರವೂ ಅರಮನೆಯೂ ಮರಗಿಡಗಳಲ್ಲಿ ಮುಚ್ಚಿಹೋಗಿದ್ದವೆಂದು ಅವನು ಬರೆದಿದ್ದಾನೆ. ಇಂದಿಗೂ ನಗರಬಸ್ತಿಕೇರಿಯ ಚತುರ್ಮುಖ ಬಸದಿಗೆ ಹೋದವರು ಕಾಡಿನ ನಡುವೆ ನಿಂತ ಆ ಕಲ್ಲಿನ ಕಟ್ಟಡವನ್ನು ಕಂಡು ಮೌನವಾಗುತ್ತಾರೆ. ಕಾಡು ಕಡಿದು ಊರಾಗುವುದನ್ನು ನಾವು ದಿನಾ ನೋಡುತ್ತೇವೆ. ಊರು ತಿರುಗಿ ಕಾಡಾದದ್ದಕ್ಕೆ ಸಾಕ್ಷಿ ನಮ್ಮ ಮಗ್ಗುಲಲ್ಲೇ ಇದೆ.

ಹತ್ತಿಯ ಹಾದಿ

ಹತ್ತೊಂಬತ್ತನೆಯ ಶತಮಾನದಲ್ಲಿ ಮೆಣಸಿನ ಜಾಗಕ್ಕೆ ಹತ್ತಿ ಬಂತು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಬಂದು ಮುಂಬಯಿಗೆ ಹೋಗುತ್ತಿತ್ತು. ಒಂದು ಬೊಂಡೆ ಹತ್ತಿಯನ್ನೂ ಬೆಳೆಯದ ನಮ್ಮ ಕುಮಟೆಯ ಹೆಸರು ಪೇಟೆಯಲ್ಲಿ ಒಂದು ಹತ್ತಿಯ ಜಾತಿಗೇ ಅಂಟಿಕೊಂಡಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ಈ ವ್ಯಾಪಾರಕ್ಕೆ ಇನ್ನಷ್ಟು ಬಿಸಿ ಏರಿತು. 1862ರಲ್ಲಿ ನಮ್ಮ ಜಿಲ್ಲೆಯನ್ನು ಮದ್ರಾಸ್ ಪ್ರಾಂತ್ಯದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿ ವ್ಯಾಪಾರಿಗಳ ಒತ್ತಾಯ ಇತ್ತು. ದೇವಿಮನೆ ಘಟ್ಟದ ಶಿರಸಿ ರಸ್ತೆ ಗಾಡಿಗಳಿಂದ ತುಂಬಿದ್ದು ಆಗಲೇ. ಮುಂದೆ 1880ರ ದಶಕದಲ್ಲಿ ಹುಬ್ಬಳ್ಳಿ ಕಡೆಯಿಂದ ಮರ್ಮಗೋವಾ ಬಂದರಿಗೆ ರೈಲು ಹಾದಿ ಆದಮೇಲೆ ಕುಮಟೆಯ ಬಂದರು ಸೊರಗಿತು. ಮತ್ತೆ ರೈಲಿನ ಸಿಳ್ಳು ನಮ್ಮ ಕಡೆ ಕೇಳಲು ಕೊಂಕಣ ರೈಲ್ವೆ ಬರುವವರೆಗೆ, 1990ರ ದಶಕದವರೆಗೆ, ಕಾಯಬೇಕಾಯಿತು.

ಕಾನು ಉಳಿದದ್ದು ಹೇಗೆ?

ಇಷ್ಟೆಲ್ಲ ವ್ಯಾಪಾರ ನಡೆದರೂ ಕಾಡು ಉಳಿದದ್ದು ಹೇಗೆ? ಉತ್ತರ ಒಂದಲ್ಲ. ಮೆಣಸಿನ ಬಳ್ಳಿಗೆ ನೆರಳೂ ಮರದ ಆಸರೆಯೂ ಬೇಕು. ಆದ್ದರಿಂದ ಕಾನು ಕಡಿದರೆ ನಷ್ಟ ಕಡಿದವನಿಗೇ. ಅಡಿಕೆ ತೋಟಕ್ಕೆ ಸೊಪ್ಪು, ದರಕು ಬೇಕು. ಅದಕ್ಕಾಗಿ ಸೊಪ್ಪಿನ ಬೆಟ್ಟವನ್ನು ಜನ ಕಾದುಕೊಂಡರು. ಎಲ್ಲಕ್ಕಿಂತ ಮಿಗಿಲಾಗಿ ದೇವರ ಭಯವಿತ್ತು. ಹೊನ್ನಾವರ ತಾಲೂಕಿನ ನೀಲಕೋಡಿನ ಕರಿಕಾನಮ್ಮನ ಗುಡ್ಡಕ್ಕೆ ಹೋದವರು ಇದನ್ನು ಕಣ್ಣಾರೆ ಕಂಡಿರುತ್ತೀರಿ. ಸುತ್ತಲಿನ ಎಷ್ಟೋ ಗುಡ್ಡ ಬೋಳಾದರೂ ದೇವಿಯ ಕಾನು ಹೆಸರಿಗೆ ತಕ್ಕಂತೆ ಕಪ್ಪಗೆ ದಟ್ಟವಾಗಿಯೇ ಇದೆ. ನಾನು ಹುಡುಗನಾಗಿದ್ದಾಗ ಮನೆಯವರ ಜೊತೆ ಅಲ್ಲಿಗೆ ನಡೆದು ಹತ್ತಿದ್ದು ನೆನಪಿದೆ. ದಾರಿಯಲ್ಲಿ ಒಂದು ಒಣ ಕಡ್ಡಿಯನ್ನು ಊರುಗೋಲಿಗೆಂದು ಎತ್ತಿಕೊಂಡಿದ್ದೆ. ವಾಪಸು ಬರುವಾಗ ಅಜ್ಜ ಅದನ್ನು ಅಲ್ಲೇ ಬಿಟ್ಟು ಬರಲು ಹೇಳಿದರು. “ಅಮ್ಮನ ಕಾನಿನದು ಮನೆಗೆ ತರೂಕಾಗ” ಎಂದರು. ಕುಮಟೆಯ ಬಾಳಿಗಾ ಕಾಲೇಜಿನ ಸಸ್ಯಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಡಾ. ಎಂ. ಡಿ. ಸುಭಾಷ್ ಚಂದ್ರನ್ ಅವರು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ಜೊತೆ ನಮ್ಮ ಜಿಲ್ಲೆಯ ಇಂತಹ ದೇವರ ಕಾಡುಗಳನ್ನು ಅಧ್ಯಯನ ಮಾಡಿ ಬರೆದಿದ್ದಾರೆ. ಅಜ್ಜ ಹೇಳಿದ ಮಾತನ್ನೇ ಅವರು ವಿಜ್ಞಾನದ ಭಾಷೆಯಲ್ಲಿ ಹೇಳಿದ್ದಾರೆಂದು ಮುಂದೆ ಓದುವಾಗ ನನಗೆ ಅನ್ನಿಸಿತು.

ಬ್ರಿಟಿಷರ ಕಾಲದಲ್ಲಿ ಅರಣ್ಯ ಇಲಾಖೆ ಬಂತು. 1860ರ ಸುಮಾರಿಗೆ ಕುಮರಿ ಬೇಸಾಯಕ್ಕೆ ಕಡಿವಾಣ ಬಿತ್ತು. ಅದನ್ನೇ ನಂಬಿದ್ದ ಗುಡ್ಡದ ಜನರ ಬದುಕು ಒಂದೇ ಏಟಿಗೆ ಬದಲಾಯಿತು. ಕಾಡಿನ ಮೇಲಿನ ಹಕ್ಕಿಗೆ ಕತ್ತರಿ ಬಿದ್ದ ಸಿಟ್ಟು ಒಳಗೊಳಗೇ ಬೆಳೆದು, 1930ರ ನಂತರದ ಕಾಯಿದೆಭಂಗ ಚಳವಳಿಯಲ್ಲಿ ನಮ್ಮ ಜಿಲ್ಲೆಯಲ್ಲಿ ಉಪ್ಪಿನ ಸತ್ಯಾಗ್ರಹ, ಕರನಿರಾಕರಣೆಗಳ ಜೊತೆಗೆ ಜಂಗಲ್ ಸತ್ಯಾಗ್ರಹವಾಗಿಯೂ ಹೊರಬಂತು.

ಕಾಡಿನೊಳಗೆ ಇರುವವರು

ಈ ಕಾಡಿನ ನಿಜವಾದ ಯಜಮಾನ ಸಿಂಗಳೀಕ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ತುದಿಯಲ್ಲಿ ಗೊಂಡೆಯಿರುವ ಬಾಲ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇದು ಇಲ್ಲ. ಅದರ ನೆಲೆಯ ಉತ್ತರದ ತುದಿ ಎಂದರೆ ನಮ್ಮ ಅಘನಾಶಿನಿ ಕಣಿವೆ. ಮರದಿಂದ ಮರಕ್ಕೆ ದಾಟಿ ಬದುಕುವ ಪ್ರಾಣಿಯಾದ್ದರಿಂದ ಕಾಡಿನ ಮೇಲ್ಛಾವಣಿ ತುಂಡಾದರೆ ಅದರ ಗುಂಪೂ ತುಂಡಾಗುತ್ತದೆ. ಮಲೆಮನೆ ಘಟ್ಟದ ಕಡೆ ಕತ್ತಲೆಕಾನಿನಲ್ಲಿ ಕಾಡುಜಾಯಿ ಮರಗಳ ಜೌಗು ಇದೆ. ನೀರಿನಲ್ಲಿ ನಿಂತ ಈ ಮರಗಳ ಬೇರು ಉಸಿರಾಡಲು ಮೊಣಕಾಲಿನಂತೆ ಮಡಚಿ ಮೇಲೆ ಬಂದಿರುತ್ತದೆ. ಅಲ್ಲಿ ಸಿಕ್ಕ ಗೇರಿನ ಕುಟುಂಬದ ಒಂದು ಮರಕ್ಕೆ ವಿಜ್ಞಾನಿಗಳು 2000ದಲ್ಲಿ ಕತ್ತಲೆಕಾನಿನ ಹೆಸರನ್ನೇ ಇಟ್ಟರು. ಬೇಸಿಗೆಯಲ್ಲೂ ನಮ್ಮ ಹೊಳೆಗಳಲ್ಲಿ ನೀರು ಹರಿಯುವುದು ಇಂತಹ ಕಾನುಗಳ ಪುಣ್ಯದಿಂದ.

ಈ ಮಹತ್ವ ಅರಿತು ಸರ್ಕಾರ 2011ರಲ್ಲಿ ಸುಮಾರು 300 ಚದರ ಕಿಲೋಮೀಟರ್ ಪ್ರದೇಶವನ್ನು ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಈ ಬಗೆಯ ಸಂರಕ್ಷಣೆಯಲ್ಲಿ ಜನರ ಹಕ್ಕುಗಳಿಗೆ ಬಾಧೆ ಇಲ್ಲ. ಆಡಳಿತ ಸಮಿತಿಯಲ್ಲಿ ಗ್ರಾಮ ಪಂಚಾಯತಿಯ ಪ್ರತಿನಿಧಿಗಳಿಗೂ ಜಾಗವಿದೆ. 2019ರಲ್ಲಿ ಇದನ್ನೂ ಹಳೆಯ ಶರಾವತಿ ಕಣಿವೆ ಅಭಯಾರಣ್ಯವನ್ನೂ ಇನ್ನಷ್ಟು ಕಾಡನ್ನೂ ಕೂಡಿಸಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ರೂಪುಗೊಂಡಿತು. ಅಭಯಾರಣ್ಯದ ಕಾನೂನು ಹೆಚ್ಚು ಬಿಗಿ. ಅಲ್ಲಿಂದ ಜನರ ಆತಂಕವೂ ಹೆಚ್ಚಿತು.

ಆತಂಕಕ್ಕೆ ಕಾರಣವಿದೆ. ಉಪ್ಪಾಗೆಯನ್ನೇ ನೋಡಿ. ನಮ್ಮ ಅಜ್ಜಿಯರು ಅದರ ಸಿಪ್ಪೆಯನ್ನು ಹುಳಿಗೆ, ಬೀಜವನ್ನು ತುಪ್ಪಕ್ಕೆ ಬಳಸಿದರು. 1990ರ ದಶಕದಲ್ಲಿ ಮೈ ಕರಗಿಸುವ ಔಷಧಕ್ಕೆಂದು ಹೊರದೇಶಗಳಿಂದ ಬೇಡಿಕೆ ಬಂದು ಬೆಲೆ ಏರಿತು. ಹಣ್ಣಾಗುವ ಮೊದಲೇ ಕೊಯ್ಯುವುದು, ಟೊಂಗೆ ಕಡಿಯುವುದು, ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ರಾಶಿ ಕಟ್ಟಿಗೆ ಸುಡುವುದು ನಡೆಯಿತು. ಅದೇ ಹಣ್ಣು ಸಿಂಗಳೀಕದ ಆಹಾರ. ಅದೇ ಹಣ್ಣು ಬಡವರ ಮನೆಯ ಮಳೆಗಾಲದ ಆದಾಯ. ಇಲ್ಲಿ ಒಬ್ಬರನ್ನು ಕಳ್ಳರೆಂದು ಕರೆದು ಇನ್ನೊಬ್ಬರನ್ನು ಕಾಪಾಡಲು ಆಗುವುದಿಲ್ಲ. ಹಣ್ಣನ್ನು ಹಣ್ಣಾದ ಮೇಲೆ ಕೊಯ್ಯುವ, ಕಡಿಮೆ ಕಟ್ಟಿಗೆಯ ಒಲೆಯಲ್ಲಿ ಒಣಗಿಸುವ ಒಪ್ಪಂದಕ್ಕೆ ಊರೇ ಬರಬೇಕು.

ಕುಮಟಾ ತಾಲೂಕಿನ ಘಟ್ಟದ ಮೇಲಿನ ಮೇದಿನಿಯ ಪರಿಮಳದ ಸಣ್ಣಕ್ಕಿಯ ಹೆಸರು ನಾವೆಲ್ಲ ಕೇಳಿದ್ದೇವೆ. ಅಲ್ಲಿನ ಕರಿ ಒಕ್ಕಲಿಗರು ಎಷ್ಟೋ ಕಾಲ ಕಾಡುಹಾದಿಯಲ್ಲಿ ನಡೆದೇ ಅಕ್ಕಿ ತಂದರು, ಕಾಯಿಲೆಯವರನ್ನು ಕಂಬಳಿಯಲ್ಲಿ ಹೊತ್ತು ಇಳಿಸಿದರು. ಪೇಟೆಯವರಿಗೆ ಚಾರಣದ ಹಾದಿಯಾಗಿ ಕಾಣುವುದು ಅವರಿಗೆ ಆಸ್ಪತ್ರೆಯ ಹಾದಿ.

ನಾವು ಮಾಡಬಹುದಾದದ್ದು

2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಬುಡಕಟ್ಟಿನವರಲ್ಲದ ಕಾಡಿನ ಜನ ತಮ್ಮ ಹಕ್ಕಿಗೆ ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸ ತೋರಿಸಬೇಕು. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಅರ್ಜಿಗಳು ಇಲ್ಲೇ ಎಡವಿವೆ. ಆದರೆ ಸರ್ಕಾರಿ ಕಾಗದ ಮಾತ್ರ ಸಾಕ್ಷಿಯಲ್ಲ. ಬಾವಿ, ಮಸಣ, ದೇವರ ಬನಗಳೂ, ಊರಿನ ಹಿರಿಯರ ಹೇಳಿಕೆಯನ್ನು ಬರೆದುಕೊಂಡದ್ದೂ ಸಾಕ್ಷಿಯಾಗುತ್ತವೆ ಎಂದು ಆ ಕಾಯಿದೆಯ ನಿಯಮಗಳೇ ಹೇಳುತ್ತವೆ. ಚರಿತ್ರೆ ಎಂದರೆ ಪರೀಕ್ಷೆಗೆ ಓದುವ ಇಸವಿಗಳೆಂದು ತಿಳಿದಿದ್ದ ನನಗೆ, ಅದೊಂದು ಕುಟುಂಬದ ಮನೆ ಉಳಿಸಬಲ್ಲದು ಎಂದು ಗೊತ್ತಾದದ್ದು ಇದನ್ನು ಓದಿದ ಮೇಲೆ.

ಆದ್ದರಿಂದ ಶಾಲೆಯ ಇಂದಿನ ಗುರುಗಳಲ್ಲಿ ಮತ್ತು ಮಕ್ಕಳಲ್ಲಿ ಒಂದು ವಿನಂತಿ. ವರ್ಷಕ್ಕೊಂದು ಹಾದಿಯನ್ನು ಆರಿಸಿಕೊಳ್ಳಿ. ಹಿರಿಯರೊಬ್ಬರನ್ನು ಕರೆದುಕೊಂಡು ಅನುಮತಿ ಪಡೆದು ನಡೆಯಿರಿ. ಹಳ್ಳದ ಹೆಸರು, ಕಟ್ಟೆಯ ಹೆಸರು, ಬನದ ಹೆಸರು, ಯಾವ ಮರ ಯಾವುದಕ್ಕೆ ಬರುತ್ತದೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆಯಿರಿ. ಹೇಳಿದವರ ವಯಸ್ಸು, ಬರೆದ ತಾರೀಖು ಮರೆಯದೆ ಹಾಕಿ. ಆ ಪುಸ್ತಕ ಶಾಲೆಯ ಕಪಾಟಿನಲ್ಲಿರಲಿ. ಶಾಲೆಯ ವಜ್ರ ಮಹೋತ್ಸವದ ಸಂಚಿಕೆಗೆ ಅದಕ್ಕಿಂತ ಒಳ್ಳೆಯ ಲೇಖನ ಬೇರೆ ಬೇಕಾಗಲಿಕ್ಕಿಲ್ಲ. ಹಳೆಯ ವಿದ್ಯಾರ್ಥಿಗಳಾದ ನಾವು, ಮೊಣಕಾಲು ಗಟ್ಟಿ ಇರುವಷ್ಟು ದಿನ, ಜೊತೆಗೆ ನಡೆಯಲು ಸಿದ್ಧರಿದ್ದೇವೆ.