ಮನೆಯ ಸೌರವಿದ್ಯುತ್ತು: 12 ವೋಲ್ಟಿನಿಂದ 400 ವೋಲ್ಟಿಗೆ

1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡ ಸಿಲಿಕಾನ್ ಸೌರಕೋಶವನ್ನು ಕರ್ನಾಟಕದ ಹಳ್ಳಿಮನೆಗಳಿಗೆ ಒಯ್ದ ಸಂಸ್ಥೆಗಳಲ್ಲಿ, 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೊ ಪ್ರಮುಖವಾದುದು. ಒಂದು ಫಲಕ, ಒಂದು ಬ್ಯಾಟರಿ, ಎರಡು-ಮೂರು ದೀಪ; ಎಲ್ಲವೂ 12 ವೋಲ್ಟಿನ ಡಿ.ಸಿ. ಒಣಗೈಯಲ್ಲಿ ಮುಟ್ಟಿದರೆ ಆಘಾತವಾಗುತ್ತಿರಲಿಲ್ಲ.

2024ರಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಿಂದ ಗೊರೂರಿನಂಥ ಊರುಗಳ ತಾರಸಿಗೂ ಎಟುಕುವಂತಾದ ವ್ಯವಸ್ಥೆ ಬೇರೆಯೇ. ಸರಣಿಯಲ್ಲಿ ಜೋಡಿಸಿದ ಹತ್ತು ಫಲಕಗಳ ವಿಭವಾಂತರ 400 ವೋಲ್ಟ್ ಮುಟ್ಟಬಲ್ಲದು. ಮನೆಯ ಎ.ಸಿ. ವಿದ್ಯುತ್ತು ಸೆಕೆಂಡಿಗೆ 100 ಬಾರಿ ಶೂನ್ಯಕ್ಕಿಳಿಯುವುದರಿಂದ ಸ್ವಿಚ್ಚಿನ ಕಿಡಿ ಬೇಗ ಆರುತ್ತದೆ, ಡಿ.ಸಿ. ಕಿಡಿ ಉರಿಯುತ್ತಲೇ ಇರಬಹುದು. ಆದ್ದರಿಂದ ಡಿ.ಸಿ.ಗೆಂದೇ ತಯಾರಾದ ಸ್ವಿಚ್ಚು, ಸರಿಯಾದ ಅರ್ಥಿಂಗ್ ಬೇಕೇ ಬೇಕು. ಕರೆಂಟು ಹೋಗಿ ಇನ್ವರ್ಟರ್ ನಿಂತರೂ, ಬಿಸಿಲಿರುವವರೆಗೆ ಫಲಕದ ತಂತಿಗಳಲ್ಲಿ ವೋಲ್ಟೇಜು ಇದ್ದೇ ಇರುತ್ತದೆ. 12 ವೋಲ್ಟಿನ ಕಾಲದ ಧೈರ್ಯ ಇಲ್ಲಿ ಸಲ್ಲದು.